ಒಬ್ಬನೇ ಆಟಗಾರ, ಬೇರೆ ಬೇರೆ ಬೆಲೆ: ಕ್ರೀಡಾ ಕಾರ್ಡುಗಳನ್ನು ಅಳೆಯುವ ಕ್ರಮ

ಅಮೆರಿಕ, ಕೆನಡಾಗಳಲ್ಲಿ ಬೆಳೆಯುತ್ತಿರುವ ಕನ್ನಡಿಗರ ಮಕ್ಕಳ ಕೈಯಲ್ಲಿ ಬೇಸ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕಾರ್ಡುಗಳನ್ನು ಕಾಣುವುದು ಈಗ ಅಪರೂಪವೇನಲ್ಲ. ಪೊಟ್ಟಣ ಒಡೆದ ಮಗ ಒಂದು ಕಾರ್ಡನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಅದೇ ಆಟಗಾರನ ಅದೇ ವರ್ಷದ ಇನ್ನೊಂದು ಕಾರ್ಡನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದುಹೋದರೆ, ಪಕ್ಕದಲ್ಲಿ ಕುಳಿತ ತಂದೆತಾಯಿಗೆ ಎರಡರ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಚಿತ್ರದಲ್ಲಿ ಇರುವುದು ಕಡಿಮೆ. ಅದು ಕಾರ್ಡಿನ ಹಿಂಬದಿಯಲ್ಲಿ, ಅಂಚಿನಲ್ಲಿ, ಮುದ್ರಣದ ಸಂಖ್ಯೆಯಲ್ಲಿ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಬಯಸುವವರ ಮನಸ್ಸಿನಲ್ಲಿ ಇರುತ್ತದೆ. ಒಂದು ಕಾರ್ಡು ಕೈಗೆ ಬಂದಾಗ ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ ಕೇಳಬೇಕು ಎಂಬುದನ್ನು ಅಮೆರಿಕದ ಕಾರ್ಡುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಈ ಹವ್ಯಾಸ ಬೇರು ಬಿಟ್ಟಿರುವುದೂ ಬೆಲೆಗಳು ದಾಖಲಾಗುವುದೂ ಮುಖ್ಯವಾಗಿ ಅಲ್ಲಿಯೇ.

ಮೊದಲ ಹೆಜ್ಜೆ: ಕಾರ್ಡನ್ನು ತಿರುಗಿಸಿ ನೋಡಿ

ಬೆಲೆ ಹುಡುಕುವ ಮೊದಲು ನಿಮ್ಮಲ್ಲಿರುವುದು ಯಾವ ಕಾರ್ಡು ಎಂಬುದು ಖಚಿತವಾಗಬೇಕು. ಹಿಂಬದಿಯಲ್ಲಿ ತಯಾರಕರ ಹೆಸರು, ಕಾರ್ಡಿನ ಕ್ರಮಸಂಖ್ಯೆ, ಕೆಳಗೆ ಸಣ್ಣ ಅಕ್ಷರದಲ್ಲಿ ಹಕ್ಕುಸ್ವಾಮ್ಯದ ವರ್ಷ ಇರುತ್ತವೆ. ಹಳೆಯ ಕಾರ್ಡುಗಳಲ್ಲಿ ವರ್ಷವನ್ನೇ ಮುದ್ರಿಸದಿರುವುದೂ ಉಂಟು. ಆಗ ಅಂಕಿಅಂಶಗಳ ಕೋಷ್ಟಕದಲ್ಲಿ ಕೊನೆಯ ಸಾಲು ಯಾವ ಕ್ರೀಡಾ ಋತುವಿನದು ಎಂದು ನೋಡಿ, ಅದರ ಮುಂದಿನ ವರ್ಷವನ್ನು ಕಾರ್ಡಿನ ವರ್ಷವೆಂದು ಹಿಡಿಯುವುದು ವಾಡಿಕೆ. ಬ್ಯಾಸ್ಕೆಟ್‌ಬಾಲ್ ಮತ್ತು ಐಸ್ ಹಾಕಿ ಋತುಗಳು ಎರಡು ವರ್ಷಗಳಿಗೆ ಹರಡಿಕೊಳ್ಳುವುದರಿಂದ ಅವನ್ನು 1986-87 ಎಂಬ ರೀತಿಯಲ್ಲಿ ಗುರುತಿಸುತ್ತಾರೆ.

ಮರುಮುದ್ರಣವನ್ನು ಮೂಲವೆಂದು ನಂಬುವುದು ಹೊಸಬರು ಸುಲಭವಾಗಿ ಎಡವುವ ಜಾಗ. ಟಾಪ್ಸ್ ಕಂಪನಿ ತನ್ನ ಪ್ರಸಿದ್ಧ ಹಳೆಯ ಕಾರ್ಡುಗಳನ್ನು ತಾನೇ ಹಲವು ಬಾರಿ ಮತ್ತೆ ಅಚ್ಚುಹಾಕಿದೆ. ಇಂಥಲ್ಲಿ ಅಳತೆಪಟ್ಟಿ ನೆರವಿಗೆ ಬರುತ್ತದೆ: 1952ರ ಟಾಪ್ಸ್ ಕಾರ್ಡುಗಳು ಈಗಿನ ಕಾರ್ಡುಗಳಿಗಿಂತ ತುಸು ದೊಡ್ಡವು, ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಎತ್ತರದ ಇಂದಿನ ಅಳತೆ ಜಾರಿಗೆ ಬಂದದ್ದು 1957ರಲ್ಲಿ. 1952ರದೆಂದು ಹೇಳಿ ತೋರಿಸಿದ ಕಾರ್ಡು ಇಂದಿನ ಕವರಿನಲ್ಲಿ ಸಲೀಸಾಗಿ ಕುಳಿತರೆ ಅಲ್ಲಿಗೇ ಅನುಮಾನ ಶುರುವಾಗಬೇಕು.

ಎರಡನೆಯ ಹೆಜ್ಜೆ: ಇದು ಆಟಗಾರನ ರೂಕಿ ಕಾರ್ಡೇ?

ಒಬ್ಬ ಆಟಗಾರನ ಹತ್ತಾರು ವರ್ಷಗಳ ಕಾರ್ಡುಗಳಲ್ಲಿ ಸಂಗ್ರಾಹಕರು ಮೊದಲು ಹುಡುಕುವುದು ಆತ ದೊಡ್ಡ ಲೀಗಿಗೆ ಕಾಲಿಟ್ಟ ಹೊಸತರಲ್ಲಿ ಬಂದ ರೂಕಿ ಕಾರ್ಡನ್ನು. ಆತ ಮುಂದೆ ಏನಾಗುತ್ತಾನೆ ಎಂಬುದು ಯಾರಿಗೂ ತಿಳಿಯದ ಹೊತ್ತಿನಲ್ಲಿ ಮುದ್ರಣವಾದದ್ದು ಎಂಬುದೇ ಅದರ ಆಕರ್ಷಣೆ. 2006ರಿಂದ ಬೇಸ್‌ಬಾಲ್‌ನಲ್ಲಿ ಇಂಥ ಕಾರ್ಡಿನ ಮುಂಬದಿಯಲ್ಲಿ 'ಆರ್‌ಸಿ' ಎಂಬ ಅಧಿಕೃತ ಚಿಹ್ನೆಯನ್ನು ಹಾಕುವ ಪದ್ಧತಿ ಬಂದಿದೆ. ಅದಕ್ಕಿಂತ ಹಳೆಯ ಕಾರ್ಡುಗಳಿಗೆ, ಯಾವ ವರ್ಷ ಯಾರ ಯಾವ ಕಾರ್ಡು ಬಂತೆಂದು ಹೇಳುವ ಪಟ್ಟಿಗಳನ್ನೇ ನೋಡಬೇಕು.

ಆದರೆ ಈ ನಿಯಮವನ್ನು ಕಣ್ಣುಮುಚ್ಚಿ ಪಾಲಿಸುವಂತಿಲ್ಲ. ಮೈಕ್ ಟ್ರೌಟ್ ಎಂಬ ಬೇಸ್‌ಬಾಲ್ ಆಟಗಾರನ ಚಿಹ್ನೆಯುಳ್ಳ ರೂಕಿ ಕಾರ್ಡು ಬಂದದ್ದು 2011ರಲ್ಲಿ. ಆದರೆ 2020ರಲ್ಲಿ 39 ಲಕ್ಷ ಡಾಲರಿಗೂ ಮಿಗಿಲಾದ ಬೆಲೆ ಪಡೆದದ್ದು ಆತ ಇನ್ನೂ ಕೆಳಹಂತದ ಲೀಗಿನಲ್ಲಿದ್ದಾಗ, 2009ರಲ್ಲಿ ಬೌಮನ್ ಎಂಬ ಬ್ರ್ಯಾಂಡಿನ ಹೆಸರಿನಲ್ಲಿ ಹೊರಬಂದ, ಹಸ್ತಾಕ್ಷರವುಳ್ಳ ಒಂದೇ ಒಂದು ಪ್ರತಿಯ ಕಾರ್ಡು. ಹಳೆಯ ಬೇಸ್‌ಬಾಲ್ ತಾರೆ ಮಿಕ್ಕಿ ಮ್ಯಾಂಟಲ್ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಆತನ ರೂಕಿ ಕಾರ್ಡು 1951ರ ಬೌಮನ್. ಹವ್ಯಾಸಿಗಳು ಮುಗಿಬೀಳುವುದು ಮಾತ್ರ 1952ರ ಟಾಪ್ಸ್ ಕಾರ್ಡಿಗೆ. ಅಷ್ಟೇ ಅಲ್ಲ, 311ನೆಯ ಸಂಖ್ಯೆಯ ಆ ಕಾರ್ಡನ್ನು ಅಚ್ಚಿನ ಹಾಳೆಯಲ್ಲಿ ಎರಡೆರಡು ಬಾರಿ ಮುದ್ರಿಸಲಾಗಿತ್ತು; ಹೀಗಾಗಿ ಆ ವರ್ಷದ ಸೆಟ್ಟಿನಲ್ಲಿ, ಅಂದರೆ ಒಟ್ಟಾಗಿ ಸಂಖ್ಯೆ ಹಾಕಿ ತಂದ ಕಾರ್ಡುಗಳ ಸರಣಿಯಲ್ಲಿ, ಅದೇ ಕಂತಿನಲ್ಲಿ ಬಂದ ಹೆಸರು ಮಾಡದ ಆಟಗಾರರ ಅನೇಕ ಕಾರ್ಡುಗಳಿಗಿಂತ ಅದು ಹೆಚ್ಚು ಸಂಖ್ಯೆಯಲ್ಲಿ ಹೊರಬಂದಿತ್ತು. ಆದರೂ 2022ರ ಆಗಸ್ಟಿನಲ್ಲಿ ಅದರ ಒಂದು ಪ್ರತಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಯುದ್ಧಾನಂತರದ ಕಾರ್ಡುಗಳ ಇತಿಹಾಸ ಆ ಸೆಟ್ಟಿನಿಂದಲೇ ಆರಂಭ ಎಂದು ಒಂದು ಇಡೀ ಪೀಳಿಗೆ ನಂಬಿಕೊಂಡಿರುವುದರಿಂದ, ರೂಕಿ ಎಂಬ ಪಟ್ಟ ಇಲ್ಲಿ ಹಿಂದೆ ಸರಿಯಿತು.

ಮೂರನೆಯ ಹೆಜ್ಜೆ: ಅಪರೂಪವಾದದ್ದು ಹೇಗೆ ಎಂದು ಕೇಳಿ

ಎಷ್ಟು ಅಪರೂಪ ಎಂದು ಎಲ್ಲರೂ ಕೇಳುತ್ತಾರೆ. ಅಪರೂಪವಾದದ್ದು ಹೇಗೆ ಎಂಬ ಪ್ರಶ್ನೆ ಅದಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಹಳೆಯ ಕಾರ್ಡಿನ ಬೆಲೆಗೂ ಹೊಸ ಕಾರ್ಡಿನ ಬೆಲೆಗೂ ಇರುವ ಅಂತರದ ಮೂಲ ಅಲ್ಲಿದೆ. ಕೆಲವು ಕಾರ್ಡುಗಳನ್ನು ಕಾಲ ಅಪರೂಪಗೊಳಿಸಿದೆ, ಕೆಲವನ್ನು ಕಾರ್ಖಾನೆ.

ಕಾಲದ ಕೈವಾಡಕ್ಕೆ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡಿಗಿಂತ ಒಳ್ಳೆಯ ಉದಾಹರಣೆಯಿಲ್ಲ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟಿನ ಪೊಟ್ಟಣಗಳಲ್ಲಿ ಹಂಚಿದ, ಸಂಗ್ರಾಹಕರು ಟಿ206 ಎಂದು ಕರೆಯುವ ಸೆಟ್ಟಿನ ಕಾರ್ಡು ಅದು. ತಂಬಾಕಿನ ಜೊತೆ ತನ್ನ ಚಿತ್ರ ಮಕ್ಕಳ ಕೈ ಸೇರುವುದು ವ್ಯಾಗ್ನರನಿಗೆ ಹಿಡಿಸಲಿಲ್ಲ ಎಂದು ಕೆಲವರೂ, ತಕ್ಕ ಹಣ ಕೊಡಲಿಲ್ಲವೆಂದು ಆತ ಒಪ್ಪಲಿಲ್ಲ ಎಂದು ಇನ್ನು ಕೆಲವರೂ ಹೇಳುತ್ತಾರೆ. ಕಾರಣ ಏನೇ ಇರಲಿ, ಮುದ್ರಣ ಬೇಗನೆ ನಿಂತಿತು. ಈಗ ಲೆಕ್ಕಕ್ಕೆ ಸಿಕ್ಕಿರುವುದು ಸುಮಾರು 60 ಪ್ರತಿಗಳು ಮಾತ್ರ. ಅವುಗಳಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಮ್ಯಾಂಟಲ್ ಇರುವ 1952ರ ಸೆಟ್ಟಿನ ಕೊನೆಯ ಕಂತು, ಅಂದರೆ 311ರಿಂದ 407ರವರೆಗಿನ ಕಾರ್ಡುಗಳು, ಋತು ಮುಗಿಯುವ ಹೊತ್ತಿಗೆ ಅಂಗಡಿಗೆ ಬಂದು ಮಾರಾಟವಾಗದೆ ಉಳಿದವು. ಆ ಸೆಟ್ಟನ್ನು ರೂಪಿಸಿದ ಸೈ ಬರ್ಗರ್ ತಾನೇ ಹೇಳಿಕೊಂಡಂತೆ, ಗೋದಾಮು ಖಾಲಿ ಮಾಡಲೆಂದು 1960ರಲ್ಲಿ ಅವನ್ನು ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಾಗರಕ್ಕೆ ಸುರಿಯಲಾಯಿತು. ಮುಂದೊಂದು ದಿನ ಬೆಲೆ ಬರಲಿ ಎಂದು ಯಾರೂ ಹೀಗೆ ಮಾಡಲಿಲ್ಲ ಎನ್ನುವುದೇ ಇಂಥ ಅಪರೂಪದ ಮೇಲೆ ಸಂಗ್ರಾಹಕರಿಗಿರುವ ವಿಶ್ವಾಸಕ್ಕೆ ಕಾರಣ.

ಇದಕ್ಕೆ ವಿರುದ್ಧವಾದ ಕಾಲವೂ ಒಂದಿತ್ತು. ಹಳೆಯ ಕಾರ್ಡುಗಳಿಗೆ ಬೆಲೆ ಬಂದ ಸುದ್ದಿ ಹರಡಿದ ಮೇಲೆ, 1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ, ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚುಹಾಕಿದವು, ಜನ ಪೆಟ್ಟಿಗೆಗಟ್ಟಲೆ ಕೊಂಡು ಹಾಳಾಗದಂತೆ ಕಾಪಾಡಿದರು. ಎಲ್ಲರೂ ಕಾಪಾಡಿದ್ದರಿಂದಲೇ ಅವಕ್ಕೆ ಇಂದಿಗೂ ಬೆಲೆಯಿಲ್ಲ. ಹವ್ಯಾಸಿಗಳು ಆ ಕಾಲವನ್ನು 'ಜಂಕ್ ವ್ಯಾಕ್ಸ್' ಎಂದು ಕರೆಯುತ್ತಾರೆ. ಪರಿಚಯದವರೊಬ್ಬರು ಆ ವರ್ಷಗಳ ಒಂದು ಪೆಟ್ಟಿಗೆ ಕಾರ್ಡುಗಳನ್ನು ದೊಡ್ಡ ಉಪಕಾರವೆಂಬಂತೆ ಮಾರಲು ಬಂದರೆ, ನಯವಾಗಿ ಬೇಡವೆನ್ನಿ. 1989ರ ಅಪ್ಪರ್ ಡೆಕ್ ಸೆಟ್ಟಿನ ಮೊದಲ ಕಾರ್ಡಾದ ಕೆನ್ ಗ್ರಿಫಿ ಜೂನಿಯರ್ ರೂಕಿಯಂಥ ಬೆರಳೆಣಿಕೆಯ ಕಾರ್ಡುಗಳಿಗೆ ಮಾತ್ರ ಬೇಡಿಕೆ ಉಳಿದಿದೆ.

ಆ ಅತಿರೇಕದಿಂದ ಪಾಠ ಕಲಿತ ಕಂಪನಿಗಳು ಅಪರೂಪವನ್ನು ತಾವೇ ತಯಾರಿಸಲು ಹೊರಟವು. 1993ರ ಟಾಪ್ಸ್ ಫೈನೆಸ್ಟ್ ಸೆಟ್ಟಿನಲ್ಲಿ ಬೆಳಕಿಗೆ ಹಿಡಿದರೆ ಕಾಮನಬಿಲ್ಲಿನ ಬಣ್ಣ ಚೆಲ್ಲುವ 'ರಿಫ್ರ್ಯಾಕ್ಟರ್' ಕಾರ್ಡುಗಳು ಬಂದವು. ನೋಡಲು ಸಾಮಾನ್ಯ ಕಾರ್ಡಿನಂತೆಯೇ ಇದ್ದರೂ ಅವು ಕೆಲವೇ ಪೊಟ್ಟಣಗಳಲ್ಲಿ ಸಿಗುತ್ತಿದ್ದವು. ಒಂದೇ ಚಿತ್ರವನ್ನು ಬೇರೆ ಬೇರೆ ಬಣ್ಣ, ಹೊಳಪುಗಳಲ್ಲಿ ಮುದ್ರಿಸುವ ಈ ಬಗೆಗೆ 'ಪ್ಯಾರಲಲ್' ಎಂದು ಹೆಸರು. ಇವುಗಳ ಮೇಲೆ 17/99 ಎಂಬಂಥ ಅಂಕಿ ಅಚ್ಚಾಗಿದ್ದರೆ, ಒಟ್ಟು 99 ಪ್ರತಿಗಳಲ್ಲಿ ಇದು 17ನೆಯದು ಎಂದರ್ಥ. 1/1 ಎಂದಿದ್ದರೆ ಆ ಬಗೆಯದು ಜಗತ್ತಿನಲ್ಲಿ ಅದೊಂದೇ. ಆಟಗಾರನ ಜೆರ್ಸಿ ಸಂಖ್ಯೆಯೂ ಕಾರ್ಡಿನ ಅಂಕಿಯೂ ಒಂದೇ ಆದರೆ ಹೆಚ್ಚು ಹಣ ಕೊಡುವವರಿದ್ದಾರೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಒಬ್ಬ ಆಟಗಾರನಿಗೆ ಒಂದೇ ವರ್ಷದಲ್ಲಿ ಹತ್ತಾರು ಸೆಟ್ಟುಗಳಿಂದ ಹತ್ತಾರು 'ಒಂದೇ ಒಂದು' ಕಾರ್ಡುಗಳು ಬರಬಹುದು. ಅಂಕಿ ಸಣ್ಣದಿದ್ದ ಮಾತ್ರಕ್ಕೆ ಮರುಳಾಗದೆ, ಆ ಸೆಟ್ಟಿಗೆ ಸಂಗ್ರಾಹಕರಲ್ಲಿ ಮನ್ನಣೆ ಇದೆಯೇ ಎಂದು ವಿಚಾರಿಸಬೇಕು.

ನಾಲ್ಕನೆಯ ಹೆಜ್ಜೆ: ಸ್ಥಿತಿಯನ್ನು ದೀಪದ ಕೆಳಗೆ ಪರೀಕ್ಷಿಸಿ

ಕಾರ್ಡನ್ನು ಅಂಚುಗಳಿಂದ ಮಾತ್ರ ಹಿಡಿದು, ಮೇಜಿನ ದೀಪದ ಕೆಳಗೆ ನಿಧಾನವಾಗಿ ಓರೆಮಾಡಿ. ನೇರವಾಗಿ ನೋಡಿದಾಗ ಕಾಣದ ಗೀರುಗಳು, ಬೆರಳಿನ ಗುರುತು, ಅಚ್ಚಿನ ರೇಖೆಗಳು ಓರೆಯಾದಾಗ ಎದ್ದು ಕಾಣುತ್ತವೆ. ಬಳಿಕ ನಾಲ್ಕೂ ಮೂಲೆಗಳನ್ನು ಭೂತಗನ್ನಡಿಯಲ್ಲಿ ನೋಡಿ; ಬಣ್ಣದ ಅಂಚಿನ ಕಾರ್ಡುಗಳಲ್ಲಿ ಮೂಲೆ ಸವೆದ ಕಡೆ ಒಳಗಿನ ಬಿಳಿ ಕಾಗದ ಚುಕ್ಕೆಯಂತೆ ಇಣುಕುತ್ತದೆ.

ನಂತರದ್ದು ಸೆಂಟರಿಂಗ್, ಅಂದರೆ ಚಿತ್ರ ಅಂಚುಗಳ ನಡುವೆ ಸರಿಯಾಗಿ ಕುಳಿತಿದೆಯೇ ಎಂಬುದು. ಎಡ ಅಂಚು 3 ಮಿಲಿಮೀಟರ್, ಬಲ ಅಂಚು 2 ಮಿಲಿಮೀಟರ್ ಇದ್ದರೆ ಒಟ್ಟು 5ರಲ್ಲಿ ಪಾಲು 60ಕ್ಕೆ 40. ಕಣ್ಣಿಗೆ ಇದು ಚೆನ್ನಾಗಿಯೇ ಕಾಣಬಹುದು, ಆದರೆ ಪರೀಕ್ಷಕ ಸಂಸ್ಥೆಗಳು ಒಂದರಿಂದ ಹತ್ತರವರೆಗೆ ಕೊಡುವ ದರ್ಜೆಗಳಲ್ಲಿ (ಏಳನೆಯ ಹೆಜ್ಜೆ ನೋಡಿ) ಅತ್ಯುನ್ನತವಾದ ಹತ್ತಕ್ಕೆ ಈಗ ಸುಮಾರು 55ಕ್ಕೆ 45ರೊಳಗಿನ ನಿಖರತೆಯನ್ನು ನಿರೀಕ್ಷಿಸಲಾಗುತ್ತದೆ. ಮಾಲೀಕ ಎಷ್ಟೇ ಜೋಪಾನ ಮಾಡಿದರೂ ಅಚ್ಚುಮನೆಯಲ್ಲೇ ಓರೆಯಾಗಿ ಕತ್ತರಿಸಿದ ಕಾರ್ಡನ್ನು ಸರಿಪಡಿಸಲಾಗದು. ಹಳೆಯ ಕಾರ್ಡುಗಳಲ್ಲಿ ಒಳ್ಳೆಯ ಸೆಂಟರಿಂಗಿಗೆ ಅಷ್ಟು ಬೆಲೆ ಬರುವುದು ಈ ಕಾರಣಕ್ಕೆ.

ಸ್ಥಿತಿಯೊಂದೇ ಬೆಲೆ ಕಟ್ಟಿದ ಪ್ರಸಂಗವನ್ನು ನೋಡಬೇಕಾದರೆ 1952ರ ಟಾಪ್ಸ್ ಸೆಟ್ಟಿನ ಮೊದಲ ಕಾರ್ಡನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಆ್ಯಂಡಿ ಪಾಫ್ಕೊ ಒಳ್ಳೆಯ ಆಟಗಾರನಾದರೂ ದಂತಕಥೆಯೇನಲ್ಲ. ಆದರೆ ಆಗಿನ ಹುಡುಗರು ಕಾರ್ಡುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಕಟ್ಟಿನ ಮೇಲೆ ಕುಳಿತ ಒಂದನೆಯ ಕಾರ್ಡಿನ ಅಂಚುಗಳನ್ನು ರಬ್ಬರ್ ಕಚ್ಚಿತು, ಧೂಳು, ಬಿಸಿಲುಗಳೂ ಮೊದಲು ಅದರ ಮೇಲೆಯೇ ಬಿದ್ದವು. ಹೀಗಾಗಿ ಕಲೆಯಿಲ್ಲದ ಪಾಫ್ಕೊ ಸಿಗುವುದೇ ಕಷ್ಟವಾಗಿ, ಹತ್ತರ ದರ್ಜೆ ಪಡೆದ ಒಂದು ಪ್ರತಿ 1998ರಲ್ಲೇ 80 ಸಾವಿರ ಡಾಲರ್ ದಾಟಿತು.

ದೋಷವೆಂದು ಕಂಡದ್ದೆಲ್ಲ ದೋಷವೂ ಅಲ್ಲ. ವೇಯ್ನ್ ಗ್ರೆಟ್ಸ್ಕಿಯ 1979-80ರ ಐಸ್ ಹಾಕಿ ರೂಕಿ ಕಾರ್ಡು ಅಮೆರಿಕದಲ್ಲಿ ಟಾಪ್ಸ್ ಹೆಸರಿನಲ್ಲೂ ಕೆನಡಾದಲ್ಲಿ ಓ-ಪೀ-ಚೀ ಹೆಸರಿನಲ್ಲೂ ಬಂತು. ಕೆನಡಾದಲ್ಲಿ ಕಾರ್ಡಿನ ಹಾಳೆಗಳನ್ನು ತಂತಿಯಿಂದ ಕತ್ತರಿಸುತ್ತಿದ್ದುದರಿಂದ ಅಂಚು ಒರಟಾಗಿ, ನಾರುನಾರಾಗಿ ಇರುತ್ತದೆ. ಅದನ್ನು ತಿಳಿಯದವರು ಹಾಳಾದ ಕಾರ್ಡು ಎಂದುಕೊಳ್ಳುತ್ತಾರೆ, ತಿಳಿದವರಿಗೆ ಅದು ಅಸಲಿಯ ಗುರುತು. ಅಂಚು ತೀರಾ ನುಣುಪಾಗಿದ್ದರೆ ಸವೆತ ಮರೆಸಲು ಯಾರೋ ಕತ್ತರಿ ಆಡಿಸಿರಬಹುದೆಂಬ ಗುಮಾನಿ ಅವರದು. ಕಡಿಮೆ ಸಂಖ್ಯೆಯಲ್ಲಿ ಬಂದ ಓ-ಪೀ-ಚೀ ಪ್ರತಿಯೇ ಇಂದು ಟಾಪ್ಸ್ ಪ್ರತಿಗಿಂತ ಬಹಳ ದುಬಾರಿ.

ಐದನೆಯ ಹೆಜ್ಜೆ: ಸಹಿ, ಬಟ್ಟೆಯ ತುಂಡು, ತಪ್ಪು ಅಚ್ಚು

ಹಸ್ತಾಕ್ಷರವುಳ್ಳ ಕಾರ್ಡಿನಲ್ಲಿ ಆಟಗಾರ ನೇರವಾಗಿ ಕಾರ್ಡಿನ ಮೇಲೆಯೇ ಬರೆದಿದ್ದಾನೆಯೇ, ಅಥವಾ ಪಾರದರ್ಶಕ ಸ್ಟಿಕ್ಕರಿನ ಮೇಲೆ ಬರೆದದ್ದನ್ನು ಆಮೇಲೆ ಅಂಟಿಸಲಾಗಿದೆಯೇ ಎಂದು ನೋಡಿ. ನೇರ ಸಹಿಗೆ ಮರ್ಯಾದೆ ಹೆಚ್ಚು, ಏಕೆಂದರೆ ಆ ಕಾರ್ಡು ಒಮ್ಮೆಯಾದರೂ ಆಟಗಾರನ ಕೈಯಲ್ಲಿತ್ತು. ಸ್ಟಿಕ್ಕರ್ ಹಾಳೆಗಳಿಗೆ ಆತ ಎಲ್ಲೋ ಕುಳಿತು ಸಾಲಾಗಿ ಸಹಿ ಹಾಕಿರುತ್ತಾನೆ.

ಜೆರ್ಸಿಯ ತುಂಡು ಕೂಡಿಸಿದ ಕಾರ್ಡುಗಳಲ್ಲಿ ಹಿಂಬದಿಯ ವಾಕ್ಯವನ್ನು ಕರಾರುಪತ್ರ ಓದುವಷ್ಟೇ ಗಮನವಿಟ್ಟು ಓದಬೇಕು. ಪಂದ್ಯದಲ್ಲಿ ಧರಿಸಿದ ಬಟ್ಟೆ ಎಂದಿರುವುದು ಒಂದು. ಆಟಗಾರ ಧರಿಸಿದ ಬಟ್ಟೆ ಎಂದಷ್ಟೇ ಇರುವುದು ಇನ್ನೊಂದು, ಫೋಟೊ ತೆಗೆಸುವಾಗ ಕೆಲವು ನಿಮಿಷ ಮೈಮೇಲೆ ಹಾಕಿ ತೆಗೆದದ್ದೂ ಇದರಲ್ಲಿ ಸೇರುತ್ತದೆ. ಯಾವ ಪಂದ್ಯಕ್ಕೂ ಋತುವಿಗೂ ಸಂಬಂಧಿಸಿದ್ದಲ್ಲ ಎಂದು ಒಪ್ಪಿಕೊಂಡಿರುವುದು ಮೂರನೆಯದು. ಈ ಕೊನೆಯ ಬಗೆಗೆ ಹಣ ಕೊಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ. ಒಂದೇ ಬಣ್ಣದ ಸಾದಾ ಚೌಕಕ್ಕಿಂತ ಅಕ್ಷರ, ಅಂಕಿ ಅಥವಾ ಲಾಂಛನದ ಹೊಲಿಗೆ ಕಾಣುವ ಬಹುವರ್ಣದ ತುಂಡಿಗೆ ಬೇಡಿಕೆ ಹೆಚ್ಚು. ರೂಕಿ, ಸಹಿ, ಜೆರ್ಸಿಯ ತುಂಡು, ಮಿತ ಸಂಖ್ಯೆ ಇವೆಲ್ಲ ಒಂದೇ ಕಾರ್ಡಿನಲ್ಲಿ ಕೂಡಿದಾಗ ಬೆಲೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ 2003-04ರ ಅಪ್ಪರ್ ಡೆಕ್ ಎಕ್ಸ್‌ಕ್ವಿಸಿಟ್ ಸೆಟ್ಟಿನ ಲೆಬ್ರಾನ್ ಜೇಮ್ಸ್ ಕಾರ್ಡು ಸಾಕ್ಷಿ: 99 ಪ್ರತಿಗಳಲ್ಲಿ ಒಂದು 2021ರಲ್ಲಿ 52 ಲಕ್ಷ ಡಾಲರಿಗೆ ಮಾರಾಟವಾಯಿತು.

ತಪ್ಪು ಅಚ್ಚಾದ ಕಾರ್ಡುಗಳ ವಿಷಯ ಚಿಕ್ಕದು. ತಪ್ಪನ್ನು ಕಂಪನಿ ನಡುವೆಯೇ ತಿದ್ದಿದ್ದರೆ ಮಾತ್ರ ತಪ್ಪಿನ ಪ್ರತಿ ಅಪರೂಪವಾಗುತ್ತದೆ. ಮುಂಬದಿಯಲ್ಲಿ ಹೆಸರೇ ಬಿಟ್ಟುಹೋದ 1990ರ ಟಾಪ್ಸ್ ಫ್ರ್ಯಾಂಕ್ ಥಾಮಸ್ ಕಾರ್ಡಿಗೆ ಹೀಗೆ ಬೆಲೆ ಬಂತು. 1969ರ ಟಾಪ್ಸ್‌ನಲ್ಲಿ ಔರೆಲಿಯೊ ರೊಡ್ರಿಗೆಜ್ ಎಂಬ ಆಟಗಾರನ ಕಾರ್ಡಿನ ಮೇಲೆ ಅವನ ಬದಲು ತಂಡದ ಬ್ಯಾಟು ಹೊರುವ ಹುಡುಗನ ಚಿತ್ರ ಅಚ್ಚಾಗಿತ್ತು. ಅದನ್ನು ತಿದ್ದಲೇ ಇಲ್ಲವಾದ್ದರಿಂದ ಎಲ್ಲ ಪ್ರತಿಗಳೂ ಹಾಗೆಯೇ ಇವೆ, ತಮಾಷೆಯ ಹೊರತು ಅದರಿಂದ ಹೆಚ್ಚಿನ ಲಾಭವಿಲ್ಲ.

ಆರನೆಯ ಹೆಜ್ಜೆ: ಕೊಳ್ಳುವವರು ಯಾರು?

ಒಬ್ಬನೇ ಆಟಗಾರನ ಹಿಂದೆ ಬಿದ್ದವರು, ಒಂದು ತಂಡದ ಅಭಿಮಾನಿಗಳು, ಒಂದು ಸೆಟ್ಟನ್ನು ಪೂರ್ಣಗೊಳಿಸಲು ಹೊರಟವರು, ಲಾಭಕ್ಕಾಗಿ ಕೊಂಡು ಮಾರುವವರು ಇವರೆಲ್ಲ ಒಂದೇ ಕಾರ್ಡನ್ನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಸೆಟ್ಟು ಪೂರೈಸುವವನಿಗೆ ಯಾರೂ ಕೇಳದ ಆಟಗಾರನ ಕೊನೆಯ ಕಂತಿನ ಕಾರ್ಡು ಬೇಕೇ ಬೇಕು. ವ್ಯಾಪಾರಿಗೆ ಅದು ಭಾರ. ನಮ್ಮಲ್ಲಿ 1990ರ ದಶಕದ ಮಕ್ಕಳು ಆಡುತ್ತಿದ್ದ ಕ್ರಿಕೆಟ್ ಟ್ರಂಪ್ ಕಾರ್ಡುಗಳಿಗೂ ಈ ಮಾತನ್ನು ಅನ್ವಯಿಸಬಹುದು. ರನ್ನು, ವಿಕೆಟ್ಟುಗಳ ಲೆಕ್ಕ ಹೇಳಿ ಎದುರಾಳಿಯ ಕಾರ್ಡು ಗೆಲ್ಲುತ್ತಿದ್ದ ಆ ಆಟದಲ್ಲಿ ಅವು ಸವೆದು ಹರಿದುಹೋದವು, ಹಾಗಾಗಿ ಅಂದಗೆಡದೆ ಉಳಿದವು ನಿಜವಾಗಿಯೂ ಕಡಿಮೆ. ಆದರೆ ಹಲವದರ ಮೇಲೆ ವರ್ಷವಿಲ್ಲ, ಎಲ್ಲರೂ ಒಪ್ಪುವ ಪಟ್ಟಿಯಿಲ್ಲ, ಸೆಟ್ಟು ಪೂರೈಸಲು ಹಟ ಹಿಡಿದ ಕೊಳ್ಳುಗರ ಬಳಗವೂ ದೊಡ್ಡದಿಲ್ಲ. ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಅವರ ಹಳೆಯ ಕಾರ್ಡುಗಳು ನಿಮ್ಮಲ್ಲಿದ್ದರೆ ಪ್ರೀತಿಯಿಂದ ಇಟ್ಟುಕೊಳ್ಳಿ, ಬಂಡವಾಳವೆಂದು ಎಣಿಸಬೇಡಿ.

ಏಳನೆಯ ಹೆಜ್ಜೆ: ದರ್ಜೆ ಹಾಕಿಸಬೇಕೇ?

1991ರಲ್ಲಿ ಆರಂಭವಾದ ಪಿಎಸ್ಎ, ಅದರ ಬಳಿಕ ಬಂದ ಎಸ್‌ಜಿಸಿ, ಬೆಕೆಟ್ ಮೊದಲಾದ ಸಂಸ್ಥೆಗಳು ಕಾರ್ಡನ್ನು ಪರೀಕ್ಷಿಸಿ, ಒಂದರಿಂದ ಹತ್ತರವರೆಗೆ ದರ್ಜೆ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುದ್ರೆ ಹಾಕಿ ಹಿಂದಿರುಗಿಸುತ್ತವೆ. ಎಷ್ಟು ಪ್ರತಿಗಳಿಗೆ ಯಾವ ದರ್ಜೆ ಸಿಕ್ಕಿದೆ ಎಂಬ ಲೆಕ್ಕವನ್ನೂ ಪ್ರಕಟಿಸುತ್ತವೆ. ಮೈಕಲ್ ಜೋರ್ಡನ್‌ನ 1986-87ರ ಫ್ಲೀರ್ ರೂಕಿ ಕಾರ್ಡು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಇದ್ದರೂ ಪಿಎಸ್ಎಯಿಂದ ಹತ್ತು ಪಡೆದವು ಮುನ್ನೂರು ಚಿಲ್ಲರೆ ಮಾತ್ರ. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಹಲವು ಪಟ್ಟು ವ್ಯತ್ಯಾಸ ಬರುವುದು ಹೀಗೆ. ಈ ಕಾರ್ಡಿನ ನಕಲುಗಳು ವಿಪರೀತ ಇರುವುದರಿಂದ ಡಬ್ಬಿಯಿಲ್ಲದ್ದನ್ನು ಕೊಳ್ಳದಿರುವುದೇ ಒಳಿತು. ಅನಿವಾರ್ಯವಾದರೆ ಭೂತಗನ್ನಡಿಯಲ್ಲಿ ಕಪ್ಪು ಅಕ್ಷರಗಳನ್ನು ನೋಡಿ: ಅಸಲಿಯಲ್ಲಿ ಅವು ತುಂಬು ಮಸಿಯಿಂದ ಅಚ್ಚಾಗಿರುತ್ತವೆ, ಫೋಟೊ ತೆಗೆದು ಮಾಡಿದ ನಕಲಿನಲ್ಲಿ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆಯುತ್ತವೆ.

ಡಬ್ಬಿಯ ಮೇಲಿನ ಅಂಕಿಯೂ ಮನುಷ್ಯರ ತೀರ್ಮಾನವೇ. ಪಿಎಸ್ಎ ದರ್ಜೆ ಹಾಕಿದ ಮೊತ್ತಮೊದಲ ಕಾರ್ಡು, ಒಮ್ಮೆ ಗ್ರೆಟ್ಸ್ಕಿಯ ಒಡೆತನದಲ್ಲಿದ್ದ ವ್ಯಾಗ್ನರ್ ಪ್ರತಿ, ಎಂಟರ ದರ್ಜೆ ಪಡೆದಿತ್ತು. ಅದರ ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿ ಬಿಲ್ ಮ್ಯಾಸ್ಟ್ರೊ ಎಂಬ ಹರಾಜುದಾರ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ.

ನಿಮ್ಮ ಕಾರ್ಡನ್ನು ಕಳಿಸಬೇಕೇ ಎಂಬ ಲೆಕ್ಕವನ್ನು ಹತ್ತು ಸಿಗುತ್ತದೆಂಬ ಭರವಸೆಯ ಮೇಲೆ ಹಾಕಬೇಡಿ. ಒಂಬತ್ತರ ದರ್ಜೆಯ ಬೆಲೆಯಿಂದ ಶುಲ್ಕವನ್ನೂ ಹೋಗಿಬರುವ ಅಂಚೆ, ವಿಮೆಗಳ ಖರ್ಚನ್ನೂ ಕಳೆದ ಮೇಲೂ ದರ್ಜೆಯಿಲ್ಲದ ಕಾರ್ಡಿನ ಬೆಲೆಗಿಂತ ಹೆಚ್ಚು ಉಳಿಯುವುದಾದರೆ ಕಳಿಸಿ, ಇಲ್ಲವಾದರೆ ಬೇಡ.

ಎಂಟನೆಯ ಹೆಜ್ಜೆ: ಬೆಲೆ ನೋಡುವುದು, ಕಾಪಾಡುವುದು

ಮಾರುವವರು ಕೇಳುತ್ತಿರುವ ಮೊತ್ತವನ್ನು ಬೆಲೆಯೆಂದು ತಿಳಿಯಬಾರದು. ಇಬೇಯಂಥ ತಾಣಗಳಲ್ಲಿ ಮಾರಾಟವಾಗಿ ಮುಗಿದವುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಅದೇ ಸೆಟ್ಟು, ಅದೇ ಬಣ್ಣ, ಅದೇ ದರ್ಜೆಯ ಇತ್ತೀಚಿನ ಹಲವು ಮಾರಾಟಗಳನ್ನು ಜೋಡಿಸಿ ನೋಡಿ, ತೀರಾ ಹೆಚ್ಚಿನದನ್ನೂ ತೀರಾ ಕಡಿಮೆಯದನ್ನೂ ಬಿಟ್ಟುಬಿಡಿ. ದಿನಾಂಕವನ್ನು ಮರೆಯಬೇಡಿ: ಹತ್ತರ ದರ್ಜೆಯ ಜೋರ್ಡನ್ ರೂಕಿ 2021ರ ಜನವರಿ ಕೊನೆಯಲ್ಲಿ 7,38,000 ಡಾಲರ್ ಮುಟ್ಟಿ, ಅದೇ ವರ್ಷದಲ್ಲಿ ಅದರ ಅರ್ಧಕ್ಕಿಂತ ಕೆಳಗೆ ಇಳಿಯಿತು. ಬೆಂಗಳೂರಿನಲ್ಲಿ ಕುಳಿತು ಅಮೆರಿಕದಿಂದ ತರಿಸುವವರು ಸಾಗಣೆಯ ಜೊತೆಗೆ ಸೀಮಾಸುಂಕವನ್ನೂ ಕೂಡಿಸಿಯೇ ಹರಾಜು ಕೂಗಬೇಕು.

ಕಾರ್ಡು ಬಂದ ಕೂಡಲೇ ಮೊದಲು ಮೃದುವಾದ ತೆಳು ಕವರಿಗೆ, ಬಳಿಕ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವರಿಗೆ ಸೇರಿಸಿ. ಜೆರ್ಸಿ ತುಂಡಿನ ದಪ್ಪ ಕಾರ್ಡಿಗೆ ಅದರ ದಪ್ಪಕ್ಕೆ ತಕ್ಕ ಟಾಪ್‌ಲೋಡರನ್ನೇ ಕೊಳ್ಳಿ, ಇಲ್ಲದಿದ್ದರೆ ತುರುಕುವಾಗಲೇ ಮೂಲೆ ಮುರಿಯುತ್ತದೆ. ಸಹಿಯ ಮಸಿ ಬಿಸಿಲಿಗೆ ಮಾಸುವುದರಿಂದ ಕಿಟಕಿಯ ಎದುರು ಪ್ರದರ್ಶನಕ್ಕಿಡಬೇಡಿ. ಕರಾವಳಿಯ ತೇವಕ್ಕೆ ಹೊಳಪಿನ ಕಾರ್ಡುಗಳು ಬಿಲ್ಲಿನಂತೆ ಬಾಗುತ್ತವೆ. ಮಂಗಳೂರು, ಉಡುಪಿಯ ಕಡೆಯವರು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಮಳೆಗಾಲದಲ್ಲಿ ಅದನ್ನು ಆಗಾಗ ಬದಲಾಯಿಸಬೇಕು. ಅಂಚೆಯಲ್ಲಿ ಕಳಿಸುವಾಗ ಟಾಪ್‌ಲೋಡರಿನ ಬಾಯಿಗೆ ಸುಲಭವಾಗಿ ಬಿಡುವ ಪೇಂಟರ್ಸ್ ಟೇಪ್ ಹಚ್ಚಿ, ಅದರ ತುದಿಯನ್ನು ಸ್ವಲ್ಪ ಮಡಚಿ ಬಿಡಿ. ಪಡೆದವರು ಅದನ್ನು ಬಿಡಿಸಲು ಬ್ಲೇಡು ಹುಡುಕುವಂತಾಗಬಾರದು.